ಒಂಬತ್ತು ದಿನ ಮನೆಗೆ ಬೀಗ: ಲೈಟ್ ಹಾಕಿ ಹೋಗೋದಾ, ಮೇನ್ ಆಫ್ ಮಾಡೋದಾ?

ಹನುಮಂತನಗರದ ಸೊಸೆ
ಡಿಸೆಂಬರ್ 14, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಮನೆಯಲ್ಲಿ ಒಂದೇ ಜಗಳ. ನೀವೇ ತೀರ್ಪು ಕೊಡಿ.

ಮಕ್ಕಳಿಗೆ ಕ್ರಿಸ್‌ಮಸ್ ರಜೆ. 23ರ ರಾತ್ರಿ ನಮ್ಮ ಕಾರಿನಲ್ಲೇ ಹೊರಟು ಜನವರಿ 1ಕ್ಕೆ ವಾಪಸ್. ಮೊದಲು ಶಿರಸಿಯಲ್ಲಿ ನನ್ನ ತವರು, ಆಮೇಲೆ ಗೋಕರ್ಣ, ಮುರುಡೇಶ್ವರ, ಕೊನೆಯ ಎರಡು ದಿನ ಚಿಕ್ಕಮಗಳೂರು ಕಡೆ ಒಂದು ಹೋಮ್‌ಸ್ಟೇ. ಅತ್ತೆ ನಾದಿನಿ ಮನೆಗೆ ಹೋಗುತ್ತಾರೆ. ಅಂದರೆ ಒಂಬತ್ತು ದಿನ ಮನೆಗೆ ಬೀಗ. ನಾನು ಮದುವೆಯಾಗಿ ಬಂದ ಮೇಲೆ ಈ ಮನೆಗೆ ಇಷ್ಟು ದಿನ ಬೀಗ ಬಿದ್ದದ್ದೇ ಇಲ್ಲ.

ಅತ್ತೆ ಹೇಳುವುದು, "ಹಾಲ್‌ನಲ್ಲಿ ಒಂದು ಲೈಟ್ ಹಾಕಿ ಹೋಗಿ. ಮನೆ ಕತ್ತಲೆ ಇರಬಾರದು, ಕಳ್ಳರಿಗೂ ಜನ ಇದ್ದಾರೆ ಅನ್ನಿಸುತ್ತದೆ." ನಮ್ಮನೆಯವರು ಹೇಳುವುದು, "ಮೇನ್ ಆಫ್ ಮಾಡಲೇಬೇಕು. ಶಾರ್ಟ್ ಸರ್ಕ್ಯೂಟ್ ಆದರೆ ಯಾರು ನೋಡ್ತಾರೆ?" ಮೇನ್ ಆಫ್ ಮಾಡಿದರೆ ಫ್ರಿಜ್ ಕಥೆ ಏನು? ಕ್ಯಾಮೆರಾ, ವೈಫೈ ಕಥೆ ಏನು?

ಇಂಡಿಪೆಂಡೆಂಟ್ ಮನೆ, ವಾಚ್‌ಮನ್ ಇಲ್ಲ. ಎದುರುಮನೆ ಆಂಟಿ ಇದ್ದಾರೆ, ಒಳ್ಳೆಯವರು. ಆದರೆ ಅವರಿಗೆ ಬೀಗದ ಕೈ ಕೊಡಲು ಅತ್ತೆ ಒಪ್ಪುತ್ತಿಲ್ಲ (ಅದು ಬೇರೆ ಜಗಳ, ಇಲ್ಲಿ ಬೇಡ).

ಸುಮ್ನೆ ಸೀನ
ಡಿಸೆಂಬರ್ 14, ರಾತ್ರಿ 9.52

ಅತ್ತೆ ಮಾತು ಕೇಳಿ. ಕಳ್ಳರಿಗೆ ಅಲ್ಲ, ನಿಮಗೆ ಒಳ್ಳೆಯದು.

ಫ್ಯೂಸ್ ಕ್ಯಾರಿಯರ್
ಡಿಸೆಂಬರ್ 14, ರಾತ್ರಿ 10.15

ಮೂವತ್ತೊಂದು ವರ್ಷ ಕರೆಂಟ್ ಇಲಾಖೆಯಲ್ಲೇ ಇದ್ದೆ, ಈಗ ನಿವೃತ್ತ. ಅತ್ತೆ, ಮಗ ಇಬ್ಬರದೂ ಅರ್ಧರ್ಧ ಸರಿ.

ಮೇನ್ ಆಫ್ ಮಾಡುವುದು ಬೇಡ. ಡಿಬಿ ಬಾಕ್ಸ್ (ಮನೆಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆ) ತೆಗೆದು ನೋಡಿ, ಸಾಲಾಗಿ ಎಂಸಿಬಿಗಳಿರುತ್ತವೆ, ಅಂದರೆ ಒಂದೊಂದು ಲೈನಿಗೆ ಒಂದೊಂದು ಸ್ವಿಚ್. ಫ್ರಿಜ್‌ದು ಮತ್ತು ವೈಫೈ, ಕ್ಯಾಮೆರಾದ್ದು ಎರಡು ಬಿಟ್ಟು ಮಿಕ್ಕಿದ್ದೆಲ್ಲ ಆಫ್. ಮುಖ್ಯವಾಗಿ ಗೀಸರ್ ಮತ್ತು ಸಂಪ್ ಮೋಟರ್. ಯಾವುದು ಯಾವುದರದ್ದು ಅಂತ ಯಾರ ಮನೆಯಲ್ಲೂ ಬರೆದಿರುವುದಿಲ್ಲ. ನನ್ನ ಹೆಂಡತಿ ಫ್ರಿಜ್ ಎಂಸಿಬಿಗೆ ಒಂದು ಚುಕ್ಕೆ ಕುಂಕುಮ ಇಟ್ಟಿದ್ದಾಳೆ. ಆಯುಧಪೂಜೆಯಲ್ಲಿ ಇಟ್ಟದ್ದು, ಈಗ ಅದೇ ಗುರುತು.

ಜನ ಮರೆಯುವ ಇನ್ನೊಂದು ವಿಷಯ ಇನ್ವರ್ಟರ್. ನೀವು ಮೇನ್ ಆಫ್ ಮಾಡಿದ ಕೂಡಲೇ ಅದು ಕರೆಂಟ್ ಹೋಯ್ತು ಅಂದುಕೊಂಡು ಬ್ಯಾಟರಿಯಿಂದ ಕೊಡಲು ಶುರು ಮಾಡುತ್ತದೆ. "ಎಲ್ಲ ಆಫ್ ಮಾಡಿದ್ದೀನಿ" ಅಂತ ನೀವು ನೆಮ್ಮದಿಯಾಗಿ ಕಾರು ಹತ್ತುತ್ತೀರಿ, ವೈರಿನಲ್ಲಿ ಕರೆಂಟ್ ಓಡಾಡುತ್ತಲೇ ಇರುತ್ತದೆ. ಪೂರ್ತಿ ಖಾಲಿಯಾಗಿ ಒಂದು ವಾರ ಬಿದ್ದ ಬ್ಯಾಟರಿ ಆಮೇಲೆ ಮೊದಲಿನ ಹಾಗೆ ಚಾರ್ಜ್ ಹಿಡಿಯುವುದಿಲ್ಲ. ಅದು ಬೇರೆ ನಷ್ಟ.

ಲೈಟ್ ವಿಷಯ. ಹಗಲೂ ರಾತ್ರಿ ಉರಿಯುವ ಲೈಟ್ ಅಂದರೆ "ಮನೆಯಲ್ಲಿ ಯಾರೂ ಇಲ್ಲ" ಅಂತ ಬೋರ್ಡ್ ಹಾಕಿದ ಹಾಗೆ. ಮಧ್ಯಾಹ್ನ 12ಕ್ಕೆ ಯಾರ ಮನೆಯ ಹಾಲ್‌ನಲ್ಲಿ ಲೈಟ್ ಉರಿಯುತ್ತದೆ ಹೇಳಿ? ಕತ್ತಲಾದರೆ ತಾನೇ ಹತ್ತುವ ಸೆನ್ಸರ್ ಬಲ್ಬ್ ಸಿಗುತ್ತದೆ, ಅಥವಾ ಟೈಮರ್ ಪ್ಲಗ್. ಸಂಜೆ ಹತ್ತಿ ಹತ್ತೂವರೆಗೆ ಆರಿದರೆ ಅದು ಮನುಷ್ಯರು ಇರುವ ಮನೆ.

ಹನುಮಂತನಗರದ ಸೊಸೆ
ಡಿಸೆಂಬರ್ 14, ರಾತ್ರಿ 10.31

ಕುಂಕುಮದ ಐಡಿಯಾ ಸೂಪರ್ ಸಾರ್. ಇನ್ವರ್ಟರ್ ವಿಷಯ ನಮ್ಮನೆಯವರಿಗೆ ಓದಿ ಹೇಳಿದೆ. "ನನಗೆ ಗೊತ್ತಿತ್ತು" ಅಂದರು. ಗೊತ್ತಿರಲಿಲ್ಲ.

ಬಸವನಗುಡಿ ತಾತ
ಡಿಸೆಂಬರ್ 15, ಬೆಳಿಗ್ಗೆ 6.05

ನಮ್ಮ ಮನೆಗೆ ಕಳ್ಳ ಬಂದ ಕಥೆ ಹೇಳುತ್ತೇನೆ. ಸುಮಾರು ಹದಿನೈದು ವರ್ಷದ ಹಿಂದೆ, ಇದೇ ಡಿಸೆಂಬರ್‌ನಲ್ಲಿ. ನಾವು ಕಾಶಿಗೆ ಹೋಗಿದ್ದೆವು. ಹಾಲಿನವನಿಗೆ ಬೇಡ ಅಂದಿದ್ದೆವು, ಪೇಪರಿನ ಹುಡುಗನಿಗೆ ಹೇಳಲು ಮರೆತೆವು. ಬಂದಾಗ ಗೇಟಿನ ಒಳಗೆ ಏಳು ಪೇಪರ್ ಬಿದ್ದಿದ್ದವು, ಕೊನೆಯದರ ಮೇಲೆ ಬೆಕ್ಕು ಮಲಗಿತ್ತು.

ಹಿಂಬಾಗಿಲಿನ ಚಿಲಕ ಮೀಟಿ ಒಳಗೆ ಬಂದಿದ್ದ. ಬೀರು ಒಡೆದು ಒಂದು ಜೊತೆ ಬೆಳ್ಳಿ ದೀಪ, ಅರಿಶಿನ ಕುಂಕುಮದ ಬಟ್ಟಲು, ಸ್ವಲ್ಪ ದುಡ್ಡು ತೆಗೆದುಕೊಂಡು ಹೋಗಿದ್ದ. ಒಡವೆ ಲಾಕರಿನಲ್ಲಿತ್ತು, ಉಳಿಯಿತು. ಆದರೆ ಕೇಳಿ, ಅವನು ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡು ಕೂತು ಒಂದು ಡಬ್ಬ ಕೋಡುಬಳೆ ತಿಂದಿದ್ದ. ತಿಂದು, ಡಬ್ಬದ ಮುಚ್ಚಳ ಸರಿಯಾಗಿ ಹಾಕಿ, ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿದ್ದ. ನಮ್ಮಾಕೆಗೆ ಬೆಳ್ಳಿ ಹೋದದ್ದಕ್ಕಿಂತ ಅದೇ ಜಾಸ್ತಿ ಹೊಟ್ಟೆ ಉರಿಸಿತು. ಹಬ್ಬಕ್ಕೆ ಅಂತ ಮಾಡಿಟ್ಟಿದ್ದಳು.

ಪೊಲೀಸಿನವರು ಬಂದಾಗ ಒಬ್ಬ ಹಳೆಯ ಹೆಡ್ ಕಾನ್‌ಸ್ಟೇಬಲ್ ಬಾಗಿಲ ಮುಂದೆ ನಿಂತು ನೆಲ ನೋಡಿದರು. "ಸಾರ್, ಪೇಪರ್ ಬಿಡಿ. ಧನುರ್ಮಾಸದಲ್ಲಿ ನಿಮ್ಮ ಮನೆ ಮುಂದೆ ಮಾತ್ರ ರಂಗೋಲಿ ಇಲ್ಲ. ಬೀದಿ ಈ ತುದಿಯಿಂದ ಆ ತುದಿಗೆ ಒಂದು ಸಲ ನಡೆದರೆ ಸಾಕು, ಕಳ್ಳನಿಗೆ ಇನ್ನೇನು ಬೇಕು?" ಅಂದರು.

ಆಮೇಲೆ ಯಾವಾಗ ಊರಿಗೆ ಹೋದರೂ ಮನೆಗೆಲಸದವಳಿಗೆ ಹೇಳಿ ದಿನಾ ಬಾಗಿಲಿಗೆ ನೀರು ಹಾಕಿಸಿ ಎರಡು ಗೆರೆ ಎಳೆಸುತ್ತೇವೆ. ಅದಕ್ಕೆ ಬೀಗದ ಕೈ ಕೊಡಬೇಕಾಗಿಯೂ ಇಲ್ಲ.

ಹನುಮಂತನಗರದ ಸೊಸೆ
ಡಿಸೆಂಬರ್ 15, ಬೆಳಿಗ್ಗೆ 7.20

ತಾತ, ಇದು ನನಗೆ ಹೊಳೆದೇ ಇರಲಿಲ್ಲ! ಎದುರುಮನೆ ಆಂಟಿಗೆ ಹೇಳುತ್ತೇನೆ. ರಂಗೋಲಿ ಅಂದರೆ ಅವರಿಗೆ ಪ್ರಾಣ.

ಸುಮ್ನೆ ಸೀನ
ಡಿಸೆಂಬರ್ 15, ಬೆಳಿಗ್ಗೆ 8.02

ನಮ್ಮ ಮನೆ ಮುಂದೆ ಸ್ಟಿಕ್ಕರ್ ರಂಗೋಲಿ. ನಾವು ಇದ್ದರೂ ಅದೇ, ಇಲ್ಲದಿದ್ದರೂ ಅದೇ. ಕಳ್ಳನಿಗೆ ಫುಲ್ ಕನ್‌ಫ್ಯೂಷನ್.

ಕ್ಯಾಶ್ ಕೌಂಟರ್
ಡಿಸೆಂಬರ್ 15, ಬೆಳಿಗ್ಗೆ 9.30

ತಾತ ಲಾಕರ್ ಅಂದರಲ್ಲ, ಒಂದು ಮಾತು. 2022ರ ಜನವರಿಯಿಂದ ರಿಸರ್ವ್ ಬ್ಯಾಂಕಿನ ನಿಯಮ ಬದಲಾಗಿದೆ. ಬ್ಯಾಂಕಿನಲ್ಲಿ ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ ಅಥವಾ ಸಿಬ್ಬಂದಿ ಮೋಸದಿಂದ ಲಾಕರಿನ ವಸ್ತು ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು ತನಕ. ಬಾಡಿಗೆ 3,000 ಇದ್ದರೆ ಹೆಚ್ಚೆಂದರೆ 3 ಲಕ್ಷ. ಅದಕ್ಕಿಂತ ಜಾಸ್ತಿ ಚಿನ್ನ ಇಟ್ಟವರು ಬೇರೆ ವಿಮೆ ನೋಡಿಕೊಳ್ಳಿ. ಹಾಗಂತ ಬೀರುವಿನಲ್ಲಿ ಸೀರೆ ಮಡಿಕೆಯಲ್ಲಿ ಇಡಬೇಡಿ. ಕಳ್ಳರು ಮೊದಲು ಕೊಡವುವುದೇ ಸೀರೆ.

ಧಾರವಾಡ ಫೇಡಾ
ಡಿಸೆಂಬರ್ 15, ಬೆಳಿಗ್ಗೆ 10.10

ಅಕ್ಕಿ ಡಬ್ಬೀನೂ ಅಷ್ಟೇ ರೀ. ಎಲ್ಲಾರೂ ಅಲ್ಲೇ ಇಡ್ತಾರ, ಅವ್ರಿಗೂ ಗೊತ್ತೈತಿ.

ಎಚ್ಚರಿಕೆ ಎಂಕ
ಡಿಸೆಂಬರ್ 15, ಬೆಳಿಗ್ಗೆ 11.45

ಪೊಲೀಸ್ ಠಾಣೆಗೆ ಹೇಳಿ ಹೋಗಿ ಅಂತ ಯಾರೂ ಹೇಳಲಿಲ್ಲವಲ್ಲ? ನಾನು ಹೋದ ವರ್ಷ ಒಂದು ಹಾಳೆಯಲ್ಲಿ ವಿಳಾಸ, ಹೋಗುವ ಬರುವ ತಾರೀಕು, ಫೋನ್ ನಂಬರ್ ಬರೆದು ಕೊಟ್ಟು ಬಂದಿದ್ದೆ. ಬೀಟ್ ಪೊಲೀಸ್ ಎರಡು ಸಲ ಗೇಟಿನ ಫೋಟೋ ತೆಗೆದು ಕಳಿಸಿದರು. ಒಂದು ರೂಪಾಯಿ ಖರ್ಚಿಲ್ಲ.

ಸುಮ್ನೆ ಸೀನ
ಡಿಸೆಂಬರ್ 15, ಬೆಳಿಗ್ಗೆ 11.50

ಠಾಣೆಗೆ ಹೋಗಿ "ನಾನು ಮನೆಯಲ್ಲಿ ಇರುವುದಿಲ್ಲ" ಅಂತ ಬರೆದು ಕೊಡುವ ಧೈರ್ಯ ನನಗಿಲ್ಲ.

ಎಚ್ಚರಿಕೆ ಎಂಕ
ಡಿಸೆಂಬರ್ 15, ಮಧ್ಯಾಹ್ನ 12.04

ಸೀನಣ್ಣ, ವಾಟ್ಸಾಪ್ ಸ್ಟೇಟಸ್‌ನಲ್ಲಿ "ಬೈ ಬೈ ಬೆಂಗಳೂರು, ಹತ್ತು ದಿನ ಗೋವಾ" ಅಂತ ಹಾಕುವಾಗ ಇರುವ ಧೈರ್ಯ ಠಾಣೆಯಲ್ಲಿ ಎಲ್ಲಿ ಹೋಗುತ್ತದೆ? ನಿಮ್ಮ ಕಾಂಟ್ಯಾಕ್ಟ್‌ನಲ್ಲಿ ಗ್ಯಾಸ್ ರಿಪೇರಿಯವನು, ಪೇಂಟರ್, ಹಳೇ ಡ್ರೈವರ್ ಎಲ್ಲರೂ ಇದ್ದಾರೆ. ಅವರು ಕೆಟ್ಟವರು ಅಂತ ಅಲ್ಲ, ಅವರ ಕೈಯಿಂದ ಫೋನ್ ಇನ್ನೆಷ್ಟು ಕೈಗೆ ಹೋಗುತ್ತದೋ ಯಾರಿಗೆ ಗೊತ್ತು. ಫೋಟೋ ವಾಪಸ್ ಬಂದ ಮೇಲೆ ಹಾಕಿ. ಸಮುದ್ರ ಎಲ್ಲೂ ಓಡಿ ಹೋಗಲ್ಲ.

ಹೊನ್ನಾವರದ ಗಾಳಿ
ಡಿಸೆಂಬರ್ 15, ಮಧ್ಯಾಹ್ನ 1.15

ಸಮುದ್ರ ಅಂದದ್ದಕ್ಕೆ ಬಂದೆ. ನೀವೆಲ್ಲ ಬಾಗಿಲು, ಬೀಗ, ಬೆಳ್ಳಿ ಅಂತ ಕೂತಿದ್ದೀರಿ. ಈ ಅಕ್ಕ ಇಬ್ಬರು ಮಕ್ಕಳನ್ನು ಕರೆದುಕೊಂಡು ಗೋಕರ್ಣ, ಮುರುಡೇಶ್ವರಕ್ಕೆ ಬರುತ್ತಿದ್ದಾರೆ. ಅದರ ಬಗ್ಗೆ ಯಾರೂ ಒಂದು ಮಾತೂ ಆಡಿಲ್ಲ.

2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಏನಾಯಿತು ನೆನಪಿದೆಯಾ? ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದರು. ಆಮೇಲೆ ಕೆಲವು ದಿನ ಬೀಚ್ ಮುಚ್ಚಿದ್ದರು. ಮಳೆಗಾಲವಲ್ಲ, ಡಿಸೆಂಬರ್. ಆಕಾಶ ನೀಲಿ, ಬಿಸಿಲು ಚೆನ್ನ, ನೋಡಲು ನೀರು ಪಾಪದ ಹಾಗೆ.

ಒಳನಾಡಿನಿಂದ ಬಂದವರು ಒಂದು ತಪ್ಪು ಮಾಡುತ್ತಾರೆ. ಎರಡು ಕಡೆ ಅಲೆ ಬಿಳಿಯಾಗಿ ಒಡೆಯುತ್ತಿರುತ್ತದೆ, ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುತ್ತದೆ. "ಇಲ್ಲಿ ಅಲೆ ಇಲ್ಲ, ಮಕ್ಕಳಿಗೆ ಇದೇ ಸರಿ" ಅಂತ ಅಲ್ಲೇ ಇಳಿಯುತ್ತಾರೆ. ದಡಕ್ಕೆ ಬಂದ ನೀರು ವಾಪಸ್ ಹೋಗುವ ದಾರಿ ಅದೇ. ಸೊಂಟದ ತನಕ ನಿಂತವರನ್ನೂ ಕಾಲಡಿಯ ಮರಳು ಸಮೇತ ಎಳೆಯುತ್ತದೆ.

ಸಿಕ್ಕಿಕೊಂಡರೆ ದಡದ ಕಡೆಗೆ ಈಜಬೇಡಿ, ಸುಸ್ತಾಗುತ್ತೀರಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಆ ಪಟ್ಟಿ ಅಗಲ ಇರುವುದಿಲ್ಲ, ಅದರಿಂದ ಹೊರಗೆ ಬಂದ ಮೇಲೆ ದಡಕ್ಕೆ ತಿರುಗಿ. ಈಜು ಬರದವರು ಮೇಲ್ಮುಖ ಮಾಡಿ ತೇಲಿ, ಕೈ ಎತ್ತಿ ಕೂಗಿ. ದಡದಲ್ಲಿ ಇದ್ದವರು ಬರಿಗೈಯಲ್ಲಿ ಹಾರಬೇಡಿ. ಒಬ್ಬರ ಹಿಂದೆ ಒಬ್ಬರು ಹೋಗುವುದು ಹಾಗೇ. ಟ್ಯೂಬ್, ಹಗ್ಗ, ಖಾಲಿ ಕ್ಯಾನ್, ಏನಾದರೂ ತೇಲುವುದನ್ನು ಎಸೆಯಿರಿ. ಲೈಫ್‌ಗಾರ್ಡ್ ಸೀಟಿ ಊದಿದರೆ ಅವನ ಜೊತೆ ವಾದ ಬೇಡ. ಬಂದವರಲ್ಲಿ ಅರ್ಧ ಜನ "ನಮಗೆ ಕೆರೆ ಈಜು ಬರುತ್ತೆ" ಅಂತ ಅವನಿಗೇ ಪಾಠ ಮಾಡುತ್ತಾರೆ.

ಹನುಮಂತನಗರದ ಸೊಸೆ
ಡಿಸೆಂಬರ್ 15, ಮಧ್ಯಾಹ್ನ 2.00

ಓದಿ ಕೈ ತಣ್ಣಗಾಯಿತು. ನಮ್ಮನೆಯವರಿಗೆ ಬರುವುದೂ ಕೆರೆ ಈಜೇ. ಇದನ್ನು ಅವರಿಗೆ ಕಳಿಸಿದ್ದೇನೆ.

ನೈಟ್ ಬಸ್
ಡಿಸೆಂಬರ್ 15, ಸಂಜೆ 4.40

23ರ ರಾತ್ರಿ ಕಾರಿನಲ್ಲಿ ಹೊರಡಬೇಡಿ. ದಿನವಿಡೀ ಆಫೀಸು, ಸಂಜೆ ಪ್ಯಾಕಿಂಗ್, ರಾತ್ರಿ ಡ್ರೈವಿಂಗ್, ಇದು ಆಗುವ ಮಾತಲ್ಲ. ಬೆಳಗಿನ ಜಾವ ಎರಡರಿಂದ ಐದರ ತನಕ ಕಣ್ಣು ತಾನೇ ಮುಚ್ಚುತ್ತದೆ. ಕಾಫಿ, ಹಾಡು, ಕಿಟಕಿ ಗಾಳಿ ಎಲ್ಲ ಹತ್ತು ನಿಮಿಷದ ಆಟ. ಬೆಳಿಗ್ಗೆ ಐದೂವರೆಗೆ ಹೊರಡಿ. ಮಂಜಿದ್ದರೆ ಲೈಟ್ ಡಿಮ್‌ನಲ್ಲಿರಲಿ. ಹೈ ಬೀಮ್ ಹಾಕಿದರೆ ಮಂಜಿನ ಗೋಡೆಯೇ ಎದುರಿಗೆ ಬಂದ ಹಾಗಾಗುತ್ತದೆ.

ಕ್ಯಾಶ್ ಕೌಂಟರ್
ಡಿಸೆಂಬರ್ 15, ಸಂಜೆ 4.58

ಅದಕ್ಕಿಂತ ಸ್ಲೀಪರ್ ಬಸ್ಸಿನಲ್ಲಿ ಮಲಗಿ ಹೋಗುವುದು ವಾಸಿ ಅಲ್ವಾ?

ನೈಟ್ ಬಸ್
ಡಿಸೆಂಬರ್ 15, ಸಂಜೆ 5.10

ನಾನು ತಿಂಗಳಿಗೆ ನಾಲ್ಕು ಸಲ ಅದರಲ್ಲೇ ಓಡಾಡುತ್ತೇನೆ, ಹೆಸರೇ ನೋಡಿ. ಆದರೆ 2025ರ ಅಕ್ಟೋಬರ್‌ನಲ್ಲಿ ಹೈದರಾಬಾದ್‌ನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲ್ ಹತ್ತಿರ ಬೈಕಿಗೆ ಡಿಕ್ಕಿಯಾಗಿ ಸುಟ್ಟುಹೋದ ಮೇಲೆ ನನ್ನ ಅಭ್ಯಾಸ ಬದಲಾಗಿದೆ. 2013ರಲ್ಲಿ ಪಾಲೆಂ ಹತ್ತಿರ ಬೆಂಗಳೂರು–ಹೈದರಾಬಾದ್ ಬಸ್ಸಿನಲ್ಲಿ 45 ಜನ ಹೋದಾಗಲೂ ಎಲ್ಲರೂ ಸ್ವಲ್ಪ ದಿನ ಮಾತಾಡಿ ಸುಮ್ಮನಾದರು.

ಈಗ ಹತ್ತಿದ ಕೂಡಲೇ ಎರಡು ಕೆಲಸ. ಎಮರ್ಜೆನ್ಸಿ ಬಾಗಿಲು ಎಲ್ಲಿದೆ, ಅದರ ಮುಂದೆ ಲಗೇಜ್ ತುಂಬಿದ್ದಾರಾ ಅಂತ ನೋಡುತ್ತೇನೆ. ಗಾಜು ಒಡೆಯುವ ಸುತ್ತಿಗೆ ಜಾಗದಲ್ಲಿ ಇದೆಯಾ ನೋಡುತ್ತೇನೆ. ಒಂದು ಸಲ ಆ ಜಾಗದಲ್ಲಿ ಊದುಬತ್ತಿ ಸ್ಟ್ಯಾಂಡ್ ಸಿಕ್ಕಿಸಿದ್ದರು. ಕಂಡಕ್ಟರ್‌ನನ್ನು ಕೇಳಿದರೆ "ಸುತ್ತಿಗೆ ಜನ ಕದ್ಕೊಂಡು ಹೋಗ್ತಾರೆ ಸಾರ್" ಅಂದ.

ಧಾರವಾಡ ಫೇಡಾ
ಡಿಸೆಂಬರ್ 15, ಸಂಜೆ 5.32

ರೈಲು ಇರೋದು ಯಾಕ ರೀ?

ನೈಟ್ ಬಸ್
ಡಿಸೆಂಬರ್ 15, ಸಂಜೆ 5.35

ಕ್ರಿಸ್‌ಮಸ್ ವಾರಕ್ಕೆ ಈಗ ಟಿಕೆಟ್ ಹುಡುಕಿ ನೋಡಿ, ಆಮೇಲೆ ಮಾತಾಡೋಣ. 60 ದಿನ ಮುಂಚೆ ಬುಕಿಂಗ್ ತೆರೆದ ಬೆಳಿಗ್ಗೆಯೇ ಮುಗಿದಿರುತ್ತದೆ.

ಡ್ಯೂಟಿ ಡಾಕ್ಟ್ರು
ಡಿಸೆಂಬರ್ 15, ರಾತ್ರಿ 11.20

ಈಗಷ್ಟೇ ಡ್ಯೂಟಿ ಮುಗಿಯಿತು. ಚಿಕ್ಕಮಗಳೂರು ಹೋಮ್‌ಸ್ಟೇ ಅಂದಿದ್ದೀರಿ, ಅದರ ಬಗ್ಗೆ ಬರೆಯುತ್ತೇನೆ. ಬಹುಶಃ ನಿಮ್ಮ ಪ್ರವಾಸದಲ್ಲಿ ಯಾರ ಕಣ್ಣಿಗೂ ಬೀಳದ ಅಪಾಯ ಅದೇ.

ಚಳಿಗಾಲದಲ್ಲಿ ಬಚ್ಚಲುಮನೆಯಲ್ಲಿ ಬಿದ್ದವರನ್ನು ಎತ್ತಿಕೊಂಡು ಬರುತ್ತಾರೆ. ಮನೆಯವರು ಹೇಳುವುದು ಜಾರಿ ಬಿದ್ದರು, ಇಲ್ಲಾ ಹಾರ್ಟ್ ಅಟ್ಯಾಕ್ ಅಂತ. ನಾವು ಕೇಳುವ ಮೊದಲ ಪ್ರಶ್ನೆ, ಗ್ಯಾಸ್ ಗೀಸರ್ ಒಳಗೇ ಇದೆಯಾ? ಕಿಟಕಿ ಮುಚ್ಚಿತ್ತಾ?

ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ತಲೆ ಸುತ್ತು. ಜನ ಪಿತ್ತ ಅಂತ ಸುಮ್ಮನಾಗುತ್ತಾರೆ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬೆರಳಿಗೆ ಹಾಕಿ "98 ಇದೆ, ಏನೂ ಆಗಿಲ್ಲ" ಅನ್ನುವವರಿದ್ದಾರೆ. ಆ ಯಂತ್ರಕ್ಕೆ ಈ ಅನಿಲಕ್ಕೂ ಆಮ್ಲಜನಕಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ನಂಬಬೇಡಿ.

ರೂಮಿನಲ್ಲಿ ಚಳಿ ಅಂತ ಇದ್ದಿಲು ಕೆಂಡ ತಂದಿಟ್ಟುಕೊಂಡು ಬಾಗಿಲು ಹಾಕಿ ಮಲಗುವುದೂ ಇದೇ ಕಥೆ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ ಎಂಟು ಪ್ರವಾಸಿಗರು, ಅದರಲ್ಲಿ ಪುಟ್ಟ ಮಕ್ಕಳೂ ಇದ್ದರು, ರೆಸಾರ್ಟಿನ ಒಂದೇ ರೂಮಿನಲ್ಲಿ ಗ್ಯಾಸ್ ಹೀಟರ್ ಹಾಕಿಕೊಂಡು ಮಲಗಿ ಏಳಲೇ ಇಲ್ಲ.

ಹೋಮ್‌ಸ್ಟೇಗೆ ಹೋದ ಕೂಡಲೇ ಬಚ್ಚಲು ನೋಡಿ. ಗೀಸರ್ ಹೊರಗಿದ್ದರೆ ಒಳ್ಳೆಯದು. ಒಳಗಿದ್ದರೆ ಬೇರೆ ರೂಮ್ ಕೇಳಿ. ಬೇರೆ ದಾರಿಯೇ ಇಲ್ಲ ಅಂದರೆ ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಸ್ನಾನಕ್ಕೆ ಹೋಗಿ. ಯಾರಾದರೂ ಒಳಗೆ ಹೋಗಿ ಉತ್ತರ ಕೊಡದಿದ್ದರೆ ಬಾಗಿಲು ಒಡೆಯಿರಿ, ಗಾಳಿಗೆ ಎಳೆಯಿರಿ, 108ಕ್ಕೆ ಮಾಡಿ.

ಸಾಗರದ ಅಡಿಕೆ
ಡಿಸೆಂಬರ್ 16, ಬೆಳಿಗ್ಗೆ 6.50

ಡಾಕ್ಟ್ರು ಹೇಳಿದ್ದು ಸರಿ. ನಮ್ಮ ಹಳೇ ಬಚ್ಚಲಮನೆಗಳಲ್ಲಿ ದಿನವಿಡೀ ಹಂಡೆ ಒಲೆ ಉರಿಯುತ್ತಿತ್ತು, ಯಾರಿಗೂ ಏನೂ ಆಗುತ್ತಿರಲಿಲ್ಲ. ಹೆಂಚಿನ ಸಂದಿ, ಗೋಡೆ ಮೇಲಿನ ತೆರೆದ ಜಾಗ, ಬಾಗಿಲಿಗೆ ಅರ್ಧ ಹಲಗೆ. ಹೊಗೆ ಹೋಗಲು ನೂರು ದಾರಿ. ಈಗ ಅದೇ ಬಚ್ಚಲಿಗೆ ಟೈಲ್ಸ್, ಫಾಲ್ಸ್ ಸೀಲಿಂಗ್, ಗಾಜಿನ ಕಿಟಕಿ.

ಇನ್ನೊಂದು. ಮಲೆನಾಡಿಗೆ ಬರುವವರು ಕಾಡು ಸುತ್ತುವ ಮುಂಚೆ ಕೇಳಿ. ಮಂಗನ ಕಾಯಿಲೆ ಸೀಸನ್ ಶುರುವಾಗುವುದೇ ಈಗ, ಬೇಸಿಗೆ ತನಕ ಇರುತ್ತದೆ. 1957ರಲ್ಲಿ ಮೊದಲು ಗೊತ್ತಾದದ್ದು ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿದರೆ ಬರುತ್ತದೆ. ಒಣಎಲೆ ಮೇಲೆ ಕೂತು ಫೋಟೋ ತೆಗೆಸಿಕೊಳ್ಳಬೇಡಿ. ತುಂಬು ತೋಳು, ಕಾಲ್ಚೀಲದ ಒಳಗೆ ಪ್ಯಾಂಟ್. ಆರೋಗ್ಯ ಇಲಾಖೆ ಉಣುಗು ಹತ್ತದ ಹಾಗೆ ಹಚ್ಚಿಕೊಳ್ಳುವ ಡೀಪಾ ಎಣ್ಣೆ ಕೊಡುತ್ತದೆ, ಕೈಕಾಲಿಗೆ ಹಚ್ಚಿಕೊಂಡು ಹೋಗಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಊರವರಿಗೆ ಹೇಳಿ. ವಾಪಸ್ ಹೋಗಿ ಒಂದು ವಾರದಲ್ಲಿ ಜ್ವರ ಬಂದರೆ ಬೆಂಗಳೂರಿನ ಡಾಕ್ಟರಿಗೆ "ಮಲೆನಾಡಿಗೆ ಹೋಗಿದ್ದೆ" ಅಂತ ಬಾಯಿಬಿಟ್ಟು ಹೇಳಿ. ಅವರು ಡೆಂಗಿ ಟೆಸ್ಟ್ ಮಾಡುತ್ತಾ ಕೂರುತ್ತಾರೆ.

ಸುಮ್ನೆ ಸೀನ
ಡಿಸೆಂಬರ್ 16, ಬೆಳಿಗ್ಗೆ 8.15

ಸಮುದ್ರದಲ್ಲಿ ಸೆಳೆತ, ಬಸ್ಸಲ್ಲಿ ಬೆಂಕಿ, ಬಚ್ಚಲಲ್ಲಿ ವಿಷ, ಕಾಡಲ್ಲಿ ಉಣುಗು. ಮೇಡಂ, ಮನೆಯಲ್ಲೇ ಇರಿ. ಲೈಟ್ ಪ್ರಶ್ನೆಯೂ ಬಗೆಹರಿಯುತ್ತದೆ.

ಮಿನಿಯಾಪೊಲಿಸ್ ಮಾವ
ಡಿಸೆಂಬರ್ 16, ಬೆಳಿಗ್ಗೆ 9.05

ಇಲ್ಲಿ ರಾತ್ರಿ, ಹೊರಗೆ ಮೈನಸ್ 18. ನಮ್ಮ ಊರಿನ ಗೋಳು ಕೇಳಿ.

ನಾವು ಡಿಸೆಂಬರ್‌ನಲ್ಲಿ ಮೈಸೂರಿಗೆ ಬರುವಾಗ ದುಡ್ಡು ಉಳಿಸೋಣ ಅಂತ ಹೀಟಿಂಗ್ ಪೂರ್ತಿ ಆಫ್ ಮಾಡುವ ಹಾಗಿಲ್ಲ. ಪೈಪಿನೊಳಗೆ ನೀರು ಹೆಪ್ಪುಗಟ್ಟಿ ಹಿಗ್ಗಿ ಪೈಪ್ ಒಡೆಯುತ್ತದೆ. ಅದು ಕರಗಿದಾಗ ಮನೆಯೊಳಗೆ ಕೆರೆ. ಥರ್ಮೋಸ್ಟಾಟ್ 13 ಡಿಗ್ರಿಗಿಂತ ಕೆಳಗೆ ಇಳಿಸುವುದಿಲ್ಲ, ಬೀದಿಯಿಂದ ಬರುವ ನೀರಿನ ಮುಖ್ಯ ವಾಲ್ವ್ ಬಂದ್ ಮಾಡಿ ನಲ್ಲಿ ಬಿಟ್ಟು ಖಾಲಿ ಮಾಡುತ್ತೇವೆ. ನನ್ನ ಸ್ನೇಹಿತ ಒಬ್ಬ ಮೊದಲ ವರ್ಷ ಎಲ್ಲ ಆಫ್ ಮಾಡಿ ಹುಬ್ಬಳ್ಳಿಗೆ ಹೋಗಿದ್ದ. ವಾಪಸ್ ಬಂದಾಗ ಬೇಸ್‌ಮೆಂಟಿನಲ್ಲಿ ಅವನ ಮದುವೆ ಆಲ್ಬಮ್ ತೇಲುತ್ತಿತ್ತು.

ತಾತನ ರಂಗೋಲಿ ಕಥೆಗೆ ನಮ್ಮಲ್ಲೂ ಜೋಡಿ ಇದೆ. ಹಿಮ ಬಿದ್ದ ಮೇಲೆ ಮನೆ ಮುಂದೆ ಹೆಜ್ಜೆ ಗುರುತು, ಟೈರ್ ಗುರುತು ಇಲ್ಲದಿದ್ದರೆ ಆ ಮನೆ ಖಾಲಿ. ಅದಕ್ಕೇ ಪಕ್ಕದ ಮನೆಯವರಿಗೆ "ನಿಮ್ಮ ಎರಡನೇ ಕಾರು ನಮ್ಮ ಅಂಗಳದಲ್ಲಿ ನಿಲ್ಲಿಸಿ" ಅಂತ ಹೇಳಿ ಬರುತ್ತೇವೆ. ಡಾಕ್ಟ್ರು ಹೇಳಿದ ಅನಿಲಕ್ಕೆ ಇಲ್ಲಿ ಪ್ರತಿ ಮನೆಯಲ್ಲೂ ಅಲಾರಂ ಇರುತ್ತದೆ. ನಮ್ಮೂರಲ್ಲೂ ಆನ್‌ಲೈನ್‌ನಲ್ಲಿ ಸಿಗುತ್ತದೆ, ಅಂಗೈಯಷ್ಟು ಪೆಟ್ಟಿಗೆ. ಅಣ್ಣನ ಮನೆಗೆ ಒಂದು ತಂದುಕೊಟ್ಟೆ. ಅತ್ತಿಗೆ ಅದನ್ನು ಷೋಕೇಸಿನಲ್ಲಿ ಇಟ್ಟಿದ್ದಾರೆ.

ಬಸವನಗುಡಿ ತಾತ
ಡಿಸೆಂಬರ್ 16, ಬೆಳಿಗ್ಗೆ 9.40

ಷೋಕೇಸಿಗೆ ಕಾವಲು ಗಟ್ಟಿಯಾಯಿತು ಬಿಡಿ.

ಎದೆಗಾರ
ಡಿಸೆಂಬರ್ 16, ಬೆಳಿಗ್ಗೆ 10.30

ಮೊದಲು ಈ ಜನವರಿ 1ರ ಹುಚ್ಚು ಬಿಡಿ. ನಮ್ಮ ಹೊಸ ವರ್ಷ ಯುಗಾದಿ.

ಧಾರವಾಡ ಫೇಡಾ
ಡಿಸೆಂಬರ್ 16, ಬೆಳಿಗ್ಗೆ 10.34

ಸಂಬಳ ಯಾವ ತಾರೀಖಿಗೆ ತಗೋತೀರಿ ಅಣ್ಣಾರ? ಚೈತ್ರ ಪಾಡ್ಯಕ್ಕ?

ಎದೆಗಾರ
ಡಿಸೆಂಬರ್ 16, ಬೆಳಿಗ್ಗೆ 10.41

ಅದು ಬೇರೆ, ಇದು ಬೇರೆ.

ನಿರ್ವಾಹಕ
ಡಿಸೆಂಬರ್ 16, ಬೆಳಿಗ್ಗೆ 11.00

ಯುಗಾದಿ ಚರ್ಚೆ ಪ್ರತಿ ವರ್ಷದ ಹಾಗೆ ಬೇರೆ ಎಳೆಯಲ್ಲಿ ನಡೆಯುತ್ತಿದೆ, ಅಲ್ಲಿಗೆ ಹೋಗಿ. ಇಲ್ಲಿ ವಿಷಯಕ್ಕೆ ಬನ್ನಿ.

ಗುಂಡ್ಲುಪೇಟೆ ಗೇಟ್
ಡಿಸೆಂಬರ್ 16, ಮಧ್ಯಾಹ್ನ 12.20

ವಿಷಯಕ್ಕೆ ಸ್ವಲ್ಪ ಹತ್ತಿರ. ರಜೆಗೆ ಊಟಿ, ವಯನಾಡಿಗೆ ಹೋಗುವವರಿಗೆ. ಬಂಡೀಪುರ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂದ್. 2009ರಿಂದ ಹೀಗೇ ಇದೆ. ಆದರೂ ಪ್ರತಿ ಡಿಸೆಂಬರ್‌ನಲ್ಲಿ ರಾತ್ರಿ 9.10ಕ್ಕೆ ಬಂದು ಗೇಟಿನಲ್ಲಿ ಜಗಳ. ಒಬ್ಬರು "ಮಗುವಿಗೆ ಹಾಲು ಬೇಕು, ಬಿಡಿ" ಅಂತ ಅತ್ತರು. ಹಾಲಿನ ಅಂಗಡಿ ಇರುವುದು ಗೇಟಿನ ಈಚೆ ಕಡೆಯೇ. ಕೊನೆಗಳಿಗೆಯಲ್ಲಿ ಎಂಟೂ ಮುಕ್ಕಾಲಿಗೆ ಒಳಗೆ ನುಗ್ಗಿ 100ರಲ್ಲಿ ಓಡಿಸುವವರು ಅವರಿಗಿಂತ ಅಪಾಯ. ಆನೆ ರಸ್ತೆಯಲ್ಲಿ ನಿಂತರೆ ಲೈಟ್ ಬೀಳುವ ತನಕ ಕಾಣುವುದಿಲ್ಲ. ಊಟಿಗಾದರೆ ಇ-ಪಾಸ್ ಕೂಡ ಮುಂಚೆಯೇ ಮಾಡಿಕೊಳ್ಳಿ.

ಸ್ವಾಮಿ ಶರಣಂ
ಡಿಸೆಂಬರ್ 16, ಮಧ್ಯಾಹ್ನ 3.00

ಶಬರಿಮಲೆಗೆ ಹೋಗುವವರೂ ಈ ತಿಂಗಳೇ ಜಾಸ್ತಿ. ನಲವತ್ತೊಂದು ದಿನ ವ್ರತ ಮಾಡುತ್ತೇವೆ, ಡ್ರೈವರಿಗೆ ಮಾತ್ರ ನಾಲ್ಕು ಗಂಟೆ ನಿದ್ದೆ ಕೊಡುವುದಿಲ್ಲ. ದರ್ಶನ ಮುಗಿದ ರಾತ್ರಿಯೇ "ನಡಿಯಪ್ಪ, ಬೆಳಿಗ್ಗೆ ಊರು" ಅಂತ ಎಬ್ಬಿಸುತ್ತೇವೆ. ಈ ಸಲ ನಮ್ಮ ಟೆಂಪೋಗೆ ಇಬ್ಬರು ಡ್ರೈವರ್. ಚಿಕ್ಕ ಮಕ್ಕಳಿದ್ದರೆ ಪಂಪೆಯಲ್ಲಿ ಕೇರಳ ಪೊಲೀಸರು ಮಗುವಿನ ಕೈಗೆ ಹೆಸರು, ಫೋನ್ ನಂಬರಿನ ಪಟ್ಟಿ ಕಟ್ಟುತ್ತಾರೆ. ಮರೆಯದೆ ಕಟ್ಟಿಸಿ.

ಕ್ಯಾಶ್ ಕೌಂಟರ್
ಡಿಸೆಂಬರ್ 16, ಸಂಜೆ 6.15

ಮನೆಯಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಹೋಗುವವರು ಇದನ್ನೂ ಓದಿ. ಕಳ್ಳ ಈಗ ಹಿಂಬಾಗಿಲಿನಿಂದ ಬರುವುದಿಲ್ಲ, ಫೋನಿನಲ್ಲಿ ಬರುತ್ತಾನೆ. ಪೊಲೀಸ್ ಡ್ರೆಸ್ ಹಾಕಿಕೊಂಡು ವಿಡಿಯೋ ಕಾಲ್ ಮಾಡಿ "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಮಕ್ಕಳಿಗೂ ಹೇಳಬೇಡಿ" ಅನ್ನುತ್ತಾನೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದೇ ಇಲ್ಲ. ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡಮಾಡಿದಷ್ಟೂ ಕೈತಪ್ಪುತ್ತದೆ. ಒಬ್ಬ ಹಿರಿಯರು ನಮ್ಮ ಕೌಂಟರಿಗೇ ಎಫ್‌ಡಿ ಮುರಿಸಲು ಬಂದಿದ್ದರು. ಕಿವಿಯಲ್ಲಿ ಇಯರ್‌ಫೋನ್, ಕೈ ನಡುಗುತ್ತಿತ್ತು. "ಯಾಕೆ ಸಾರ್?" ಅಂದರೆ ಮಾತಾಡಲಿಲ್ಲ, ಚಲನ್ ಹಿಂದೆ "ಕೇಳ್ತಾ ಇದ್ದಾರೆ" ಅಂತ ಬರೆದು ತೋರಿಸಿದರು.

ಹನುಮಂತನಗರದ ಸೊಸೆ
ಡಿಸೆಂಬರ್ 16, ಸಂಜೆ 7.00

ಅಯ್ಯೋ! ಆಮೇಲೆ?

ಕ್ಯಾಶ್ ಕೌಂಟರ್
ಡಿಸೆಂಬರ್ 16, ಸಂಜೆ 7.08

ಫೋನ್ ಕಿತ್ತುಕೊಂಡು ಆಫ್ ಮಾಡಿದೆವು. ನೀರು ಕೊಟ್ಟು ಕೂರಿಸಿದೆವು. ಎಫ್‌ಡಿ ಉಳಿಯಿತು.

ಫ್ಯೂಸ್ ಕ್ಯಾರಿಯರ್
ಡಿಸೆಂಬರ್ 22, ರಾತ್ರಿ 8.30

ನಾಳೆ ಹೊರಡುತ್ತೀರಿ ಅಲ್ವಾ? ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡುವುದು ಮರೆಯಬೇಡಿ. ಮೇಲಿನ ಟ್ಯಾಂಕಿನಿಂದ ಇಳಿಯುವ ವಾಲ್ವ್ ಕೂಡ. ವಾಪಸ್ ಬಂದು ಬಾಗಿಲು ತೆಗೆದಾಗ ಗ್ಯಾಸ್ ವಾಸನೆ ಬಂದರೆ ಲೈಟ್ ಸ್ವಿಚ್ ಮುಟ್ಟಬೇಡಿ, ಫ್ಯಾನ್ ಹಾಕಬೇಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಹರಡಿಕೊಂಡಿರುತ್ತದೆ. ಬಾಗಿಲು ಕಿಟಕಿ ತೆಗೆದು ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಹನುಮಂತನಗರದ ಸೊಸೆ
ಡಿಸೆಂಬರ್ 22, ರಾತ್ರಿ 9.15

ನಾಳೆ ಅಲ್ಲ ಸಾರ್, 24ರ ಬೆಳಿಗ್ಗೆ ಐದೂವರೆಗೆ. ನೈಟ್ ಬಸ್ ಅವರ ಮಾತು ಕೇಳಿದ್ದೇವೆ. ಸೆನ್ಸರ್ ಬಲ್ಬ್ ಬಂತು, ಪೇಪರ್ ನಿಲ್ಲಿಸಿದೆ, ಠಾಣೆಗೆ ಹೇಳಿದ್ದಾಯಿತು, ಆಂಟಿ ರಂಗೋಲಿಗೆ ಒಪ್ಪಿದರು. ಎಂಸಿಬಿಗೆ ಕುಂಕುಮ ನಮ್ಮನೆಯವರೇ ಇಟ್ಟರು.

ಹನುಮಂತನಗರದ ಸೊಸೆ
ಜನವರಿ 2, ಬೆಳಿಗ್ಗೆ 10.20

ಬಂದೆವು. ಎಲ್ಲರೂ ಚೆನ್ನಾಗಿದ್ದೇವೆ.

ಮುರುಡೇಶ್ವರದಲ್ಲಿ ನಮ್ಮನೆಯವರು ಮೊಣಕಾಲಿನ ಮೇಲೆ ನೀರಿಗೆ ಇಳಿಯಲಿಲ್ಲ. ಮಗ ಮುಖ ಊದಿಸಿಕೊಂಡು ಮರಳಿನಲ್ಲಿ ಬಾವಿ ತೋಡಿದ. ಅಲೆ ಒಡೆಯದ ಆ ಕಪ್ಪು ಪಟ್ಟಿ ನಿಜವಾಗಲೂ ಕಾಣುತ್ತದೆ. ಒಂದು ಸಲ ಗೊತ್ತಾದ ಮೇಲೆ ಅದನ್ನೇ ನೋಡುತ್ತಾ ಕೂತಿದ್ದೆ.

ಹೋಮ್‌ಸ್ಟೇಯಲ್ಲಿ ಗ್ಯಾಸ್ ಗೀಸರ್ ಬಚ್ಚಲ ಒಳಗೇ ಇತ್ತು. ಮೇಲಿನ ಸಣ್ಣ ಕಿಟಕಿಗೆ ಚಳಿ ಬರುತ್ತದೆ ಅಂತ ಥರ್ಮಾಕೋಲ್ ಕತ್ತರಿಸಿ ಟೇಪ್ ಹಾಕಿ ಮುಚ್ಚಿದ್ದರು. ನಾನು ಡಾಕ್ಟ್ರು ಬರೆದದ್ದನ್ನು ಮನೆಯ ಯಜಮಾನರಿಗೆ ಫೋನಿನಲ್ಲೇ ತೋರಿಸಿದೆ. ಅವರು ಪೂರ್ತಿ ಓದಿದರು, ಏನೂ ಮಾತಾಡದೆ ಒಂದು ಸ್ಟೂಲ್ ತಂದು ಹತ್ತಿ ಥರ್ಮಾಕೋಲ್ ಕಿತ್ತರು. ಗೀಸರ್ ಬಂದ್ ಮಾಡಿಸಿ, ಎರಡು ದಿನವೂ ಹಿತ್ತಲ ಹಂಡೆ ನೀರು ತಂದುಕೊಟ್ಟರು. ಮಕ್ಕಳಿಗೆ ಸಮುದ್ರಕ್ಕಿಂತ ಹಂಡೆ ಒಲೆಯೇ ಇಷ್ಟವಾಯಿತು.

ಮನೆ ಸುರಕ್ಷಿತ. ಬಾಗಿಲಲ್ಲಿ ಆಂಟಿ ಹಾಕಿದ ಎಂಟು ಎಳೆ ರಂಗೋಲಿ, ನಾನು ಇದ್ದಾಗಲೂ ಅಷ್ಟು ದೊಡ್ಡದು ಹಾಕಿದ್ದಿಲ್ಲ.

ಆದರೆ. ನಮ್ಮನೆಯವರು ಕುಂಕುಮ ಇಟ್ಟದ್ದು ಗೀಸರ್ ಎಂಸಿಬಿಗೆ. ಒಂಬತ್ತು ದಿನ ಗೀಸರ್ ಬಿಸಿ, ಫ್ರಿಜ್ ಆಫ್. ಒಳಗೆ ಅರ್ಧ ಪಾತ್ರೆ ದೋಸೆ ಹಿಟ್ಟು ಇತ್ತು. ಇನ್ನು ಹೇಳುವುದಿಲ್ಲ.

ಫ್ಯೂಸ್ ಕ್ಯಾರಿಯರ್
ಜನವರಿ 2, ಬೆಳಿಗ್ಗೆ 10.31

ಕುಂಕುಮ ಇಡುವ ಮುಂಚೆ ಒಂದು ಸಲ ಆಫ್ ಮಾಡಿ ಫ್ರಿಜ್ ಲೈಟ್ ಆರುತ್ತದಾ ನೋಡಬೇಕಿತ್ತು. ತಪ್ಪು ನನ್ನದೇ, ನಾನು ಬರೆಯಲಿಲ್ಲ.

ಹನುಮಂತನಗರದ ಸೊಸೆ
ಜನವರಿ 2, ಬೆಳಿಗ್ಗೆ 10.35

ನಾಳೆ ಅತ್ತೆ ಬರುತ್ತಾರೆ. ಸೋಡಾ, ನಿಂಬೆಹಣ್ಣು ಎಲ್ಲ ಹಾಕಿ ಒರೆಸಿದೆ, ವಾಸನೆ ಹೋಗುತ್ತಿಲ್ಲ. ಏನು ಮಾಡಲಿ, ಬೇಗ ಹೇಳಿ.

ಸಾಗರದ ಅಡಿಕೆ
ಜನವರಿ 2, ಬೆಳಿಗ್ಗೆ 10.42

ಒಂದು ಬಟ್ಟಲಲ್ಲಿ ಇದ್ದಿಲು ಹಾಕಿ ಒಳಗಿಡಿ. ಒಂದು ರಾತ್ರಿ ಸಾಕು, ಎಲ್ಲ ಎಳೆದುಕೊಳ್ಳುತ್ತದೆ.

ಡ್ಯೂಟಿ ಡಾಕ್ಟ್ರು
ಜನವರಿ 2, ಬೆಳಿಗ್ಗೆ 10.44

ಹೊತ್ತಿಸದೆ.